ಸತ್ಯಾಂಶ: ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತಾ?

'ಕ್ಯಾನ್ಸರ್ ಬಂದವರಲ್ಲಿ 97% ಜನ ರೂಟ್ ಕೆನಾಲ್ ಮಾಡಿಸಿಕೊಂಡವರೇ, ಹಲ್ಲು ಕೀಳಿಸಿಬಿಡಿ' ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಇದು ಸುಳ್ಳು. ಆ ಅಂಕಿಯ ಹಿಂದೆ ನಂಬುವಂಥ ಅಧ್ಯಯನವೇ ಇಲ್ಲ.

ಭಯ ಮಾತ್ರ ಹಳೆಯದು. 1920ರ ದಶಕದಲ್ಲಿ ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ ರೂಟ್ ಕೆನಾಲ್ ಮಾಡಿದ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು, ಇವುಗಳಿಂದ ಮೈಯೆಲ್ಲ ರೋಗ ಹರಡುತ್ತದೆ ಎಂದರು. ಆಮೇಲೆ ಬೇರೆಯವರು ಸರಿಯಾಗಿ ಪರೀಕ್ಷಿಸಿದಾಗ ಆ ಮಾತು ನಿಲ್ಲಲಿಲ್ಲ.

ರೂಟ್ ಕೆನಾಲ್‌ನಲ್ಲಿ ನಿಜಕ್ಕೂ ನಡೆಯುವುದು ಇಷ್ಟು. ಹಲ್ಲಿನೊಳಗೆ ಕೊಳೆತ ತಿರುಳನ್ನು ತೆಗೆಯುತ್ತಾರೆ. ಸೂಜಿಯಷ್ಟು ಸಣ್ಣ ಫೈಲ್‌ಗಳಿಂದ ಬೇರಿನ ನಾಳ ಉಜ್ಜಿ, ಔಷಧಿಯ ದ್ರವದಿಂದ ತೊಳೆದು, ರಬ್ಬರಿನಂಥ ಗಟ್ಟಾ ಪರ್ಚಾ ತುಂಬಿ ಮುಚ್ಚುತ್ತಾರೆ. ದವಡೆ ಹಲ್ಲಾದರೆ ಒಡೆಯದಿರಲಿ ಎಂದು ಸಾಮಾನ್ಯವಾಗಿ ಮೇಲೊಂದು ಕ್ಯಾಪ್. ಅಂದರೆ ಸೋಂಕನ್ನು ಹೊರಗೆ ಹಾಕುವ ಚಿಕಿತ್ಸೆ ಇದು, ಅಲ್ವಾ? ಹಾಗೇ ಬಿಟ್ಟರೇ ಅಪಾಯ ಜಾಸ್ತಿ: ಕೀವು, ಮುಖದ ಊತ, ಜ್ವರ.

ಹೆದರಿ ಸುಮ್ನೆ ಕೀಳಿಸಿದರೆ ಪಕ್ಕದ ಹಲ್ಲು ನಿಧಾನಕ್ಕೆ ವಾಲಬಹುದು, ಅಲ್ಲಿನ ಮೂಳೆ ಸವೆಯುತ್ತದೆ. ಆಮೇಲೆ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು) ಕೂರಿಸಲು ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನೇ ಉಜ್ಜಿ ಸಣ್ಣ ಮಾಡಬೇಕು, ಇಲ್ಲವೇ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಬೇರು) ಹಾಕಿಸಬೇಕು. ಉಳಿಯುವ ಹಲ್ಲನ್ನು ದಯವಿಟ್ಟು ಉಳಿಸಿಕೊಳ್ಳಿ. ಬೇರು ಉದ್ದಕ್ಕೆ ಸೀಳಿದಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೀಳಿಸುವುದೇ ಸರಿ.