ಸೂಪಿಗೆ ಒಗ್ಗರಣೆ ಬೇಡ

ಟೊಮೆಟೊ ಸೂಪು ಮಾಡುವಾಗ ಎಲ್ಲಕ್ಕಿಂತ ಕಷ್ಟದ ಕೆಲಸ ಅಂದರೆ ಸಾಸಿವೆ ಡಬ್ಬಿಗೆ ಕೈ ಹಾಕದೇ ಇರುವುದು. ಹಣ್ಣು ಬೆಂದಿರುತ್ತದೆ, ಸೋಸಿ ಆಗಿರುತ್ತದೆ, ಪಾತ್ರೆಯಲ್ಲಿ ಕೆಂಪಗೆ ಕುದಿಯುತ್ತಿರುತ್ತದೆ. ಆಗ ಬಲಗೈ ತನ್ನಷ್ಟಕ್ಕೆ ತಾನೇ ಒಗ್ಗರಣೆ ಸೌಟು ಹುಡುಕಲು ಹೊರಡುತ್ತದೆ. ನಾಲ್ಕು ಕಾಳು ಸಾಸಿವೆ, ಚಿಟಿಕೆ ಇಂಗು, ಒಂದೆಸಳು ಕರಿಬೇವು. ಅಷ್ಟು ಬಿತ್ತೋ, ಸೂಪು ಹೋಗಿ ಸಾರಾಯಿತು. ಸಾರಾದ ಮೇಲೆ ಅನ್ನ ಬೇಕು. ಅನ್ನ ಬೇಡ ಅಂತಲೇ ಅಲ್ವಾ ಈ ರಾಮಾಯಣವೆಲ್ಲ ಶುರುವಾಗಿದ್ದು!

ಹೋದ ವರ್ಷ ಮಳೆಗಾಲ ಹಿಡಿಯುವ ಮುಂಚೆ ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೆ. ಸಕ್ಕರೆ ಗಡಿ ದಾಟಿರಲಿಲ್ಲ, ಆದರೆ ಬೇಲಿಯ ಮೇಲೆ ಹತ್ತಿ ಕೂತಿತ್ತು. ಡಾಕ್ಟರು ಚೀಟಿಯಿಂದ ತಲೆ ಎತ್ತದೆ, "ರಾತ್ರಿ ಅನ್ನ ಕಮ್ಮಿ ಮಾಡಿ. ಸೂಪು, ಸಲಾಡು ತಗೊಳ್ಳಿ" ಅಂದರು. ಎಷ್ಟು ಸಲೀಸಾಗಿ ಅಂದರು ಅಂತೀರಿ! ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟದ ಮನೆಯಲ್ಲಿ ಬೆಳಿಗ್ಗೆ ಅಕ್ಕಿ ಕಡುಬು, ಇಲ್ಲದಿದ್ದರೆ ಅಕ್ಕಿ ರೊಟ್ಟಿ. ಮಧ್ಯಾಹ್ನ ಅನ್ನ. ರಾತ್ರಿ ಅನ್ನ. ಅಕ್ಕಿಯನ್ನು ತೆಗೆದರೆ ನಮ್ಮ ದಿನದಲ್ಲಿ ಉಳಿಯುವುದು ಕಾಫಿ ಒಂದೇ.

ಹೆಂಡತಿ ಶಾಲೆ ಮುಗಿಸಿ ಸಂಜೆ ಬಸ್ಸಿಳಿದು ಬರುವವಳು. ನನಗೊಂದು, ಅಮ್ಮನಿಗೊಂದು ಅಂತ ಎರಡೆರಡು ಅಡುಗೆ ತನ್ನ ಕೈಲಾಗಲ್ಲ ಅಂತ ಮೊದಲೇ ಹೇಳಿಬಿಟ್ಟಳು. ಸರಿಯಾದ ಮಾತೇ. ಹಾಗಾಗಿ ಐವತ್ತೆರಡನೇ ವಯಸ್ಸಿನಲ್ಲಿ ನಾನು ಒಲೆಯ ಮುಂದೆ ನಿಂತೆ.

ಮೊದಲ ದಿನ ಅಮ್ಮ ಬಂದು ಪಾತ್ರೆಯೊಳಗೆ ಇಣುಕಿದರು.

"ಎಂತದಾ ಅದು?"

"ಸೂಪು ಅಮ್ಮ."

"ಎಂತಕ್ಕೆ ಹಾಕ್ಕೊಳ್ಳೋದು?"

"ಯಾವುದಕ್ಕೂ ಇಲ್ಲ. ಹಾಗೇ ಕುಡಿಯೋದು."

ಅಮ್ಮ ನನ್ನ ಹಣೆ ಮುಟ್ಟಿ ನೋಡಿದರು. ಅವರ ಲೆಕ್ಕದಲ್ಲಿ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವವನು ಜ್ವರ ಬಂದವನು. ಅದಕ್ಕೆ ಮೆಣಸಿನ ಸಾರು ಇದೆ. ಆರೋಗ್ಯವಾಗಿರುವ ಗಂಡಸು, ಸಂಜೆ ತೋಟ ಸುತ್ತಿ ಬಂದವನು, ಬರೀ ಸಾರು ಕುಡಿದು ಮಲಗುವುದು ಅವರಿಗೆ ನೋಡಲಾಗಲಿಲ್ಲ.

ಅದರ ಮೇಲೆ ಟೊಮೆಟೊ ಬಗ್ಗೆ ಅಮ್ಮನಿಗೆ ಅಂಥ ಗೌರವವೂ ಇಲ್ಲ. ಅವರಿಗದು ಇವತ್ತಿಗೂ ಗೂದೆ ಹಣ್ಣು. ಟೊಮೆಟೊ ಹಣ್ಣೋ ತರಕಾರಿಯೋ ಅನ್ನುವ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತಂತೆ. ತರಕಾರಿ ಆಮದಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. 1893ರಲ್ಲಿ ಕೋರ್ಟು ತರಕಾರಿ ಅಂತ ತೀರ್ಪು ಕೊಟ್ಟಿತು. ನಮ್ಮ ಕಡೆಯವರು ಯಾವ ಕೋರ್ಟಿಗೂ ಹೋಗದೆ ಹೆಸರಿನ ಬಾಲಕ್ಕೇ ಹಣ್ಣು ಅಂತ ಕಟ್ಟಿಬಿಟ್ಟರು. ಕಟ್ಟಿದರು ಸರಿ, ಹಣ್ಣಿನ ಮರ್ಯಾದೆ ಮಾತ್ರ ಕೊಡಲಿಲ್ಲ. ಅಮ್ಮನ ತಕರಾರು ಏನೆಂದರೆ, ಅದಕ್ಕೆ ನೆಟ್ಟಗೆ ಹುಳಿಯೂ ಇಲ್ಲ, ಸಿಹಿಯೂ ಇಲ್ಲ. ಹುಳಿಗೆ ನಮ್ಮಲ್ಲಿ ಬರಗಾಲವೇ? ವಾಟೆ ಹುಳಿ ಒಣಗಿಸಿಟ್ಟಿದೆ. ಮುರುಗಲಿದೆ. ಅಮಟೆಕಾಯಿ ಉಪ್ಪುನೀರಲ್ಲಿದೆ. ಹಿತ್ತಲಲ್ಲಿ ಬಿಂಬಲಕಾಯಿ ಉದುರಿ ಕೊಳೆಯುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಪೇಟೆಯವರೆಲ್ಲ ಕಂಗಾಲಾಗಿದ್ದಾಗ ನಮ್ಮ ಮನೆಯ ಸಾರು ಒಂದು ದಿನವೂ ಸಪ್ಪೆಯಾಗಲಿಲ್ಲ.

ಟೊಮೆಟೊ ಬರುವುದೆಲ್ಲ ಬಯಲುಸೀಮೆಯಿಂದ. ನಾವೇ ಬೆಳೆದರೆ ಏನು ಅಂತ ಒಮ್ಮೆ ನನಗೂ ಅನ್ನಿಸಿತು. ಅರ್ಕಾ ರಕ್ಷಕ್ ಅನ್ನುವ ತಳಿ ಮೂರು ರೋಗ ತಡೆಯುತ್ತದೆ ಅಂತ ಓದಿ ಇಪ್ಪತ್ತು ಸಸಿ ತಂದು ನೆಟ್ಟೆ. ನೆಟ್ಟಿದ್ದು ಜೂನ್‌ನಲ್ಲಿ. ತಪ್ಪು ನನ್ನದೇ. ಎಲೆ ಮುರುಟು, ಸೊರಗು, ಮೊದಲು ಬರುವ ಅಂಗಮಾರಿ, ಇವು ಆ ಮೂರು. ಮಳೆ ಥಂಡಿಗೆ ತಡವಾಗಿ ಬರುವ ಇನ್ನೊಂದು ಅಂಗಮಾರಿ ಇದೆ, ಅದು ಆ ಪಟ್ಟಿಯಲ್ಲಿಲ್ಲ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರು ಮೀರಿ ಮಳೆ ಬೀಳುತ್ತದೆ. ಕೋಲಾರಕ್ಕೆ ವರ್ಷವಿಡೀ ಬೀಳುವ ಮಳೆ ಆಗುಂಬೆಗೆ ಜುಲೈನ ಹದಿನೈದು ದಿನಕ್ಕೂ ಸಾಲದು. ಅಂಥ ಜಾಗದಲ್ಲಿ ಟೊಮೆಟೊ ಗಿಡ ಏನು ಮಾಡಬೇಕು? ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಹಾಗೆ ಗಿಡಕ್ಕೆಲ್ಲ ಪ್ಲಾಸ್ಟಿಕ್ ಹೊದೆಸಿದೆ. ಅಡಿಕೆಯ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತ, ಸುಣ್ಣದಲ್ಲೇ ಚೂರು ಉಳಿಸಿ ಹೊಡೆದೆ. ಎಂಟೇ ದಿನಕ್ಕೆ ಎಲೆ ಕಪ್ಪಾಗಿ, ಕಾಯಿ ಕಂದಾಗಿ ಎಲ್ಲ ಮಲಗಿತು.

ಆಮೇಲೆ ಓದಿದಾಗ ಗೊತ್ತಾಯಿತು. ಅಡಿಕೆಯ ಕೊಳೆರೋಗವೂ ಟೊಮೆಟೊದ ಈ ಅಂಗಮಾರಿಯೂ ಒಂದೇ ವಂಶದ ಅಣ್ಣ ತಮ್ಮಂದಿರು. ಫೈಟಾಫ್ತೊರ ಅಂತ ಮನೆತನದ ಹೆಸರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಕ್ಷಾಮ ತಂದದ್ದೂ ಟೊಮೆಟೊಗೆ ಬರುವ ಈ ತಮ್ಮನೇ. ಅಣ್ಣನ ಜೊತೆ ತಲೆತಲಾಂತರದಿಂದ ಜಗಳ ಆಡಿಕೊಂಡಿರುವ ನಾನು ತಮ್ಮನಿಗೆ ಇಪ್ಪತ್ತು ಎಲೆ ಹಾಕಿ ಬಡಿಸಿದ್ದೆ.

ಇರಲಿ. ಸೂಪಿಗೆ ಸಂತೆ ಟೊಮೆಟೊವೇ ಗತಿ. ಅದರಲ್ಲೂ ನಾಟಿ ಹಣ್ಣೇ ಆಗಬೇಕು. ದಪ್ಪ ಸಿಪ್ಪೆಯ ಹೈಬ್ರಿಡ್ಡು ಲಾರಿಯಲ್ಲಿ ಕುಲುಕಿದರೂ ಒಡೆಯುವುದಿಲ್ಲ, ಬಾಯಲ್ಲೂ ಅಷ್ಟೇ.

ನನಗೆ ಸೂಪು ಒಲಿದದ್ದು ಒಂದು ಆಷಾಢದ ಸಂಜೆ, ಕರೆಂಟು ಹೋದಾಗ. ಮಗಳು ಬೆಂಗಳೂರಿಂದ ಫೋನಿನಲ್ಲಿ ಹೇಳಿಕೊಟ್ಟಿದ್ದಳು: ಟೊಮೆಟೊ ಬೇಯಿಸು, ಮಿಕ್ಸಿಗೆ ಹಾಕು, ಸೋಸು, ಕಾರ್ನ್‌ಫ್ಲೋರ್ ಕಲಸಿ ಹಾಕು. ಮಿಕ್ಸಿ ಇತ್ತು, ಕರೆಂಟಿರಲಿಲ್ಲ. ಕಾರ್ನ್‌ಫ್ಲೋರಂತೂ ಮನೆಯಲ್ಲಿ ಇಲ್ಲವೇ ಇಲ್ಲ. ಗ್ಯಾಸೂ ಕಡೆಯ ಉಸಿರು ಎಳೆಯುತ್ತಿತ್ತು. ಆದರೆ ಬಚ್ಚಲ ಹಂಡೆಯ ಒಲೆಯಲ್ಲಿ ಒಳ್ಳೆ ಕೆಂಡ ಇತ್ತು. ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು ಅದೇ ಕೆಂಡದಲ್ಲಿ. ಬದನೆ, ಟೊಮೆಟೊ ಹೇಗೂ ಒಂದೇ ಕುಲದವು. ಸುಟ್ಟರೆ ತಪ್ಪೇನು?

ಹಪ್ಪಳ ಸುಡುವ ಜಾಲರಿಯನ್ನು ಕೆಂಡದ ಮೇಲಿಟ್ಟು ಆರು ಟೊಮೆಟೊ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಇಟ್ಟೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ತೊಟ್ಟಿನ ಸುತ್ತ ಸಿಪ್ಪೆ ಸುಕ್ಕಾಗುತ್ತದೆ. ಎಲ್ಲೋ ಒಂದು ಕಡೆ ಸಣ್ಣಗೆ ಬಿರಿಯುತ್ತದೆ. ಬಿರುಕಿನಿಂದ ಒಂದು ಹನಿ ರಸ ಕೆಂಡಕ್ಕೆ ಬಿದ್ದು ಚುಂಯ್ ಅನ್ನುತ್ತದೆ, ಸಿಹಿ ಸಿಹಿ ಹೊಗೆ ಏಳುತ್ತದೆ. ತಿರುಗಿಸಿ ಹಾಕಿದರೆ ಕೆಳಬದಿ ಇದ್ದಿಲಿನಷ್ಟು ಕಪ್ಪು. ಸ್ವಲ್ಪ ಆರಿದ ಮೇಲೆ ಹೆಬ್ಬೆರಳಿನಲ್ಲಿ ತಳ್ಳಿದರೆ ಸಿಪ್ಪೆ ಅಂಗಿ ಕಳಚಿದ ಹಾಗೆ ಜಾರುತ್ತದೆ. ಒಳಗೆ ಉಳಿಯುವುದು ಬರೀ ತಿರುಳು.

ಅದನ್ನು ಕಡಗೋಲಿನಿಂದ ಮಸೆಯುತ್ತಿದ್ದೆ. ಮಜ್ಜಿಗೆ ಕಡೆಯುವ ಕಡಗೋಲಿಗೆ ಟೊಮೆಟೊ ತಾಗಿಸಿದ್ದಕ್ಕೆ ಅಮ್ಮನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವರು ಹೊಗೆಯ ವಾಸನೆಗೆ ಎದ್ದು ಬಂದಿದ್ದರು. ಬಗ್ಗಿ ನೋಡಿ, "ನೀರಾಯ್ತು" ಅಂದರು. ಒಳಗೆ ಹೋಗಿ ಮಧ್ಯಾಹ್ನದ ಅನ್ನ ಒಂದು ಚಮಚ ತಂದು, ಒರಳಿನಲ್ಲಿ ನುಣ್ಣಗೆ ತಿರುವಿ, ನಾನು ಬೇಡ ಅನ್ನುವಷ್ಟರಲ್ಲಿ ಪಾತ್ರೆಗೆ ಹಾಕಿಬಿಟ್ಟರು.

"ಅಮ್ಮ, ಅನ್ನ ಬಿಡೋಕೆ ಅಂತ ತಾನೇ ಇದು?"

"ಮೂರು ಜನಕ್ಕೆ ಒಂದು ಚಮಚ ಮಾರಾಯ. ನಿನ್ನ ಡಾಕ್ಟ್ರು ಎಣಿಸ್ತಾರನಾ?"

ಕುದಿ ಬಂದಾಗ ಸೂಪು ಮಂದವಾಗಿ, ರೇಷ್ಮೆಯ ಹಾಗೆ ಸೌಟಿನಿಂದ ಇಳಿಯಿತು. ಉಪ್ಪು, ಕಾಳುಮೆಣಸಿನ ಪುಡಿ, ಬಟಾಣಿ ಗಾತ್ರದ ಬೆಲ್ಲ, ಮೇಲೊಂದು ಅರ್ಧ ಚಮಚ ತುಪ್ಪ. ಬೆಲ್ಲದ ಲೆಕ್ಕ ಡಾಕ್ಟರಿಗೆ ಹೇಳಿಲ್ಲ. ತುಪ್ಪಕ್ಕೆ ಮಾತ್ರ ನನ್ನ ಹತ್ತಿರ ಶಾಸ್ತ್ರದ ಆಧಾರ ಇದೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಬೆಂದಾಗ, ಜೊತೆಗೆ ಚೂರು ಜಿಡ್ಡಿದ್ದಾಗ ಮೈಗೆ ಚೆನ್ನಾಗಿ ಹತ್ತುತ್ತದೆ. ತುಪ್ಪ ಹಾಕಿಕೊಳ್ಳಲು ಇಷ್ಟು ಒಳ್ಳೆ ನೆಪ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಸಲಾಡಿನ ಕಥೆ ಬೇರೆ. ಶಿವಮೊಗ್ಗದ ಅಂಗಡಿಯಲ್ಲಿ ಒಮ್ಮೆ ಲೆಟ್ಯೂಸ್ ಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಂಡಗದ್ದೆ ದಾಟುವಷ್ಟರಲ್ಲಿ ಅದು ಒದ್ದೆ ಟವೆಲಿನ ಹಾಗೆ ಜೋತುಬಿದ್ದಿತ್ತು. ಮತ್ತೆ ಆ ಗೋಜಿಗೆ ಹೋಗಲಿಲ್ಲ. ಸೊಪ್ಪಿಗೆ ಬಸ್ಸು ಹತ್ತುವುದು ಏಕೆ, ಬಾವಿಕಟ್ಟೆಯ ಸುತ್ತ ಒಂದೆಲಗ ಹಾಸಿಕೊಂಡಿದೆ. ಕುಂಡದಲ್ಲಿ ದೊಡ್ಡಪತ್ರೆ ಇದೆ. ಮೂಲಂಗಿ ಮಡಿಯಲ್ಲಿ ಎಳೆ ಸೊಪ್ಪಿದೆ. ಮೆಂತ್ಯ ಚೆಲ್ಲಿದರೆ ವಾರಕ್ಕೆ ಎರಡೆಲೆ ಬಿಡುತ್ತದೆ. ಬೇಲಿಗೆ ಹಬ್ಬಿದ ಮುಳ್ಳುಸೌತೆ ಮಳೆಗಾಲದಲ್ಲಿ ಬೇಡ ಅಂದರೂ ಕಾಯಿ ಬಿಡುತ್ತದೆ.

ಕೊಯ್ಯುವುದೇ ಸಾಹಸ. ಒಂದೆಲಗ ಇರುವ ಕಡೆಯೇ ರಕ್ತ ಹೀರುವ ಉಂಬಳವೂ ಇರುತ್ತದೆ. ಒಂದು ಮುಷ್ಟಿ ಸೊಪ್ಪು ಕಿತ್ತು ಮೇಲೇಳುವಷ್ಟರಲ್ಲಿ ಪಾದದ ಸಂದಿಯಲ್ಲಿ ಎರಡು ಕಚ್ಚಿಕೊಂಡಿರುತ್ತವೆ. ಅದಕ್ಕೆ ಚಿಟಿಕೆ ಉಪ್ಪು. ಸೊಪ್ಪು ತಂದ ಮೇಲೆ ಕೆಸರು, ಹುಳ ಹೋಗಲಿ ಅಂತ ಉಪ್ಪುನೀರಲ್ಲಿ ನೆನೆಸಿ, ಆಮೇಲೆ ಎರಡು ಸಲ ಒಳ್ಳೆ ನೀರಲ್ಲಿ ತೊಳೆಯಬೇಕು. ಅಲ್ಲೂ ಉಪ್ಪು. ಆದರೆ ಸಲಾಡಿಗೆ ಉಪ್ಪು ಬಿದ್ದರೆ ಕಷ್ಟ ಶುರು. ಹೆಚ್ಚಿದ ಸೌತೆಗೆ ಮೊದಲೇ ಉಪ್ಪು ಹಾಕಿಟ್ಟರೆ ಅದು ನೀರು ಬಿಟ್ಟುಕೊಂಡು, ಸೊಪ್ಪು ಸೊರಗಿ, ಹತ್ತು ನಿಮಿಷಕ್ಕೆ ತಟ್ಟೆ ಕೆರೆಯಾಗುತ್ತದೆ. ತಮಾಷೆ ಏನಪ್ಪಾ ಅಂದರೆ, ಸಲಾಡ್ ಅನ್ನುವ ಪದದ ಮೂಲವೇ ಲ್ಯಾಟಿನ್ನಿನ ಉಪ್ಪು. ಉಪ್ಪು ಹಾಕಿದ್ದು ಅಂತಲೇ ಅರ್ಥ. ನಮ್ಮ ಕಡೆ ಹೀಗೆ ಹೆಚ್ಚಿ ಮೊಸರು ಕಲಸಿದ್ದಕ್ಕೆ ಹಶಿ ಅನ್ನುತ್ತಾರೆ. ಹಸಿಯಾಗಿದೆ, ಅಷ್ಟೇ. ಹೆಸರಿನ ವಿಷಯದಲ್ಲಿ ನನ್ನ ಓಟು ಹಶಿಗೆ.

ಈಗ ಎಲ್ಲರೂ ತಟ್ಟೆ ಮುಂದೆ ಕೂತ ಮೇಲೆಯೇ ಉಪ್ಪು ಉದುರಿಸುತ್ತೇನೆ. ಕೊನೆಗೆ ನಿಂಬೆಹಣ್ಣು ಹಿಂಡುತ್ತೇನೆ. ಕಾಯಿಸಿದರೆ ಹೋಗುವ ಸಿ ಜೀವಸತ್ವ ಇಲ್ಲಿ ಉಳಿಯುತ್ತದೆ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲಿಕ್ಕೂ ಅದು ಬೇಕು. ದೊಡ್ಡಪತ್ರೆ ಮಾತ್ರ ಒಂದೇ ಎಲೆ, ಸಣ್ಣಗೆ ಹೆಚ್ಚಿದ್ದು. ಎರಡು ಹಾಕಿದರೆ ಕೆಮ್ಮಿನ ಔಷಧಿ ತಿಂದ ಹಾಗಿರುತ್ತದೆ. ಇದನ್ನು ತಿಂದೇ ಕಲಿತಿದ್ದೇನೆ.

ಒಂದೆಲಗ ಹೆಚ್ಚುವಾಗ ಕೈ ಮತ್ತೆ ತನ್ನ ಬುದ್ಧಿ ತೋರಿಸುತ್ತದೆ. ಚೂರು ತೆಂಗಿನಕಾಯಿ, ಜೀರಿಗೆ ಸೇರಿಸಿ ತಿರುವಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಆಗುತ್ತಲ್ಲ ಅನ್ನುತ್ತದೆ. ಆಗುತ್ತದೆ, ನಿಜ. ಆಮೇಲೆ ಅದಕ್ಕೂ ಅನ್ನ ಬೇಕು.

ಆರು ತಿಂಗಳ ಮೇಲೆ ಸಕ್ಕರೆ ಬೇಲಿಯಿಂದ ಈಚೆ ಇಳಿಯಿತು. ಸೂಪಿನಿಂದಲೋ, ಸೊಪ್ಪಿನಿಂದಲೋ, ಮಳೆ ಬಿಟ್ಟು ಸುಗ್ಗಿಗೆ ತೋಟದಲ್ಲಿ ಓಡಾಡಿದ್ದರಿಂದಲೋ. ಡಾಕ್ಟರು ಮುಂದುವರಿಸಿ ಅಂದಿದ್ದಾರೆ.

ಒಂದು ವಿಷಯ ಮಾತ್ರ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ರಾತ್ರಿ ಉಳಿದ ಸೂಪು ಬೆಳಿಗ್ಗೆ ಹೊತ್ತಿಗೆ ಕಾಣೆಯಾಗುತ್ತಿತ್ತು. ಚೆಲ್ಲಿರಬೇಕು ಅಂದುಕೊಂಡಿದ್ದೆ. ಮೊನ್ನೆ ಬೇಗ ಎದ್ದು ಅಡುಗೆಮನೆಗೆ ಹೋದರೆ ಚಟಚಟ ಸಾಸಿವೆ ಸಿಡಿಯುವ ಸದ್ದು. ಇಂಗಿನ ಪರಿಮಳ ಮಾಡಿನವರೆಗೂ ಏರಿತ್ತು. ನನ್ನ ಸೂಪಿಗೆ ಒಗ್ಗರಣೆ ಬಿದ್ದಿತ್ತು. ಅಮ್ಮ ಬಿಸಿ ಕಡುಬನ್ನು ಎರಡು ಹೋಳು ಮಾಡಿ ಅದರಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಎದುರಿಗೆ, ಶಾಲೆಗೆ ಹೊರಟ ನನ್ನ ಹೆಂಡತಿಯೂ.

ನನ್ನನ್ನು ನೋಡಿ ಅಮ್ಮ ಬೆರಳು ನೆಕ್ಕಿ, "ಇವತ್ತು ರಾತ್ರಿ ನಾಲ್ಕು ಹಣ್ಣು ಜಾಸ್ತಿ ಸುಡು" ಅಂದರು. "ನೆಂಚಿಕೊಳ್ಳೋಕೆ ಸಾಲ್ತಾ ಇಲ್ಲ."