ಹೆಣ್ಣುಮಕ್ಕಳ ಮತದ ಹಕ್ಕು: ಹೋರಾಡಿ ಪಡೆದಿದ್ದಾ, ಸುಮ್ನೆ ಸಿಕ್ಕಿದ್ದಾ?

ಪರ: ಹೋರಾಡಿಯೇ ಪಡೆದರು

ನಮ್ಮಲ್ಲಿ ಹೆಂಗಸರಿಗೆ ಮತದ ಹಕ್ಕು ತಾನಾಗೇ ಬಂತು, ಇಂಗ್ಲೆಂಡಿನವರ ಹಾಗೆ ಜೈಲು ಕಾಣಬೇಕಾಗಲಿಲ್ಲ ಎನ್ನುವವರು ಜಾಸ್ತಿ. ಜೈಲು ಕಾಣಲಿಲ್ಲ, ಸರಿ. ಆದರೆ ಅಲೆದಾಟ ಕಮ್ಮಿಯಿತ್ತಾ?

1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಮದ್ರಾಸಿಗೆ ಬಂದಾಗ ಸರೋಜಿನಿ ನಾಯ್ಡು ನಿಯೋಗ ಕಟ್ಟಿಕೊಂಡು ಹೋಗಿ ಮತ ಕೇಳಿದರು. ನಂತರ ಯಾರ್ಯಾರಿಗೆ ಮತ ಕೊಡಬೇಕೆಂದು ನೋಡಲು ಬಂದ ಸೌತ್‌ಬರೋ ಸಮಿತಿ, ಇಲ್ಲಿನ ಸಮಾಜ ಇನ್ನೂ ಇದಕ್ಕೆ ತಯಾರಿಲ್ಲ ಎಂದು ಕೈತೊಳೆದುಕೊಂಡಿತು. (ಆಗ ಇಂಗ್ಲೆಂಡಿನಲ್ಲೇ 30 ದಾಟದ ಹೆಂಗಸರಿಗೆ ಮತ ಇರಲಿಲ್ಲ ಬಿಡಿ.) ಹೀರಾಬಾಯಿ ಟಾಟಾ 1919ರಲ್ಲಿ ಮಗಳು ಮಿಥನ್ ಜೊತೆ ಲಂಡನ್ನಿಗೇ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದರು. ಪಾರ್ಲಿಮೆಂಟು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆಯಾ ಪ್ರಾಂತ್ಯಗಳೇ ನೋಡಿಕೊಳ್ಳಲಿ ಎಂದಿತು.

ಅಂದರೆ ಒಂದೊಂದು ಶಾಸನಸಭೆಯ ಬಾಗಿಲನ್ನೂ ಬೇರೆ ಬೇರೆ ತಟ್ಟಬೇಕಾಯಿತು. ಮದ್ರಾಸು, ಬಾಂಬೆ 1921ರಲ್ಲೇ ಒಪ್ಪಿದವು. ಬಂಗಾಳ ಅದೇ ವರ್ಷ ತಳ್ಳಿಹಾಕಿ, 1925ರಲ್ಲಿ ಮಣಿಯಿತು. ಮತ ಬಂದರೂ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಆ ತಡೆ ಹೋದ 1926ರಲ್ಲೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು, ಸ್ವಲ್ಪದರಲ್ಲಿ ಸೋತರು.

ವಿರೋಧ: ಆ ಹೋರಾಟ ಎಲ್ಲರ ಮನೆ ಮುಟ್ಟಲಿಲ್ಲ

ಇವೆಲ್ಲ ನಿಜ. ಆದರೆ 1921ರಲ್ಲಿ ಮತ ಸಿಕ್ಕಿದ್ದು ಯಾರಿಗೆ? ಆಸ್ತಿ ಇದ್ದು ತೆರಿಗೆ ಕಟ್ಟುವವರಿಗೆ. ಹೆಂಗಸರ ಹೆಸರಲ್ಲಿ ಆಸ್ತಿ ಇರುತ್ತಿದ್ದ ಮನೆಗಳು ಎಷ್ಟಿದ್ದವು ಹೇಳಿ! 1935ರ ಕಾಯ್ದೆ ಆಸ್ತಿವಂತರ ಹೆಂಡತಿಯರನ್ನೂ ಓದುಬರಹ ಬಲ್ಲವರನ್ನೂ ಸೇರಿಸಿತು. ಕೂಲಿ ಮಾಡುವವಳು ಆಗಲೂ ಹೊರಗೇ.

ಅವಳಿಗೆ ಮತ ತಂದುಕೊಟ್ಟದ್ದು ಸ್ವಾತಂತ್ರ್ಯ ಚಳವಳಿ. 1928ರಲ್ಲಿ ಮೋತಿಲಾಲ್ ನೆಹರೂ ಸಮಿತಿ ಬರೆದ ಸಂವಿಧಾನದ ಕರಡು, ಅಂದರೆ ನೆಹರೂ ವರದಿಯೇ, ಗಂಡು ಹೆಣ್ಣು ಎನ್ನದೆ 21 ತುಂಬಿದ ಎಲ್ಲರಿಗೂ ಮತ ಕೇಳಿತ್ತು. ಮಹಿಳಾ ಸಂಘಟನೆಗಳೂ 1931ರಲ್ಲಿ ಅದನ್ನೇ ಕೇಳಿದವು, ಒಪ್ಪೋಣ. ಆದರೆ ಹೊಳೆ ಆಗಲೇ ಆ ಕಡೆ ಹರಿಯುತ್ತಿತ್ತು.

ಮೊದಲ ಮಹಾಚುನಾವಣೆಯ ಪಟ್ಟಿಯನ್ನೇ ನೋಡಿ. ಹೆಸರು ಬರೆದುಕೊಳ್ಳಲು ಬಂದವರ ಮುಂದೆ ಎಷ್ಟೋ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು: ಸ್ವಂತ ಹೆಸರಿಲ್ಲದವರು ಪಟ್ಟಿಯಲ್ಲಿ ಬೇಡ. ಸುಮಾರು 28 ಲಕ್ಷ ಹೆಂಗಸರು ಬಿಟ್ಟುಹೋದರು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆ ಜಾಸ್ತಿ. ಅವರಿಗೆ ಸಂವಿಧಾನ ಮತ ಕೊಟ್ಟಿತ್ತು. ಮದ್ರಾಸಿನ ನಿಯೋಗ, ಲಂಡನ್ನಿನ ವಾದ ಯಾವುದರ ಸುದ್ದಿಯೂ ಆ ಅಂಗಳಗಳಿಗೆ ಬಂದಂತೆ ಕಾಣುವುದಿಲ್ಲ.