ಸರದಿ ಕಾಯಲಿ, ನೋವನ್ನು ಕಾಯಿಸಬೇಡಿ
ತುರ್ತು ವಿಭಾಗದಲ್ಲಿ ವಯಸ್ಸಾದವರು ನೋವಲ್ಲೇ ಗಂಟೆಗಟ್ಟಲೆ ಕಾಯುತ್ತಾರೆ ಎಂದು ಒಂದು ಲೇಖನದಲ್ಲಿ ಓದಿದಾಗ ನಮ್ಮಮ್ಮನೇ ಕಣ್ಣ ಮುಂದೆ ಬಂದರು. 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ 5 ಗಂಟೆ ಕಾಲ ಕಾದರು. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದರು. ನರ್ಸ್ ಬಂದು "ನೋವಿದೆಯಾ ಅಜ್ಜಿ?" ಎಂದರೆ "ಪರವಾಗಿಲ್ಲಮ್ಮ" ಎಂದರು. ಆ ತಲೆಮಾರಿನವರು ಹಾಗೇ ಅಲ್ವಾ, ಬಾಯಿಬಿಟ್ಟು ಕೇಳುವವರಲ್ಲ.

ಹೃದಯಾಘಾತ, ದೊಡ್ಡ ಅಪಘಾತದವರನ್ನು ಮೊದಲು ನೋಡಲೇಬೇಕು. ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಟ್ರಯಾಜ್ ಇರುವುದೇ ಅದಕ್ಕೆ, ಒಪ್ಪುತ್ತೇನೆ. ಆದರೆ ಡಾಕ್ಟರ್ ಬರುವವರೆಗೆ ನೋವಿಗೂ ಏನೂ ಕೊಡಬಾರದಾ? ಚಿಕಿತ್ಸೆ ಹೇಗಿರಬೇಕು ಎಂದು ಹೇಳುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ ನೋಡಿ. ಸೊಂಟದ ಮೂಳೆ ಮುರಿದವರ ನೋವು ಎಷ್ಟಿದೆ ಎಂದು ಆಸ್ಪತ್ರೆಗೆ ಬಂದ ಕೂಡಲೇ ನೋಡಬೇಕು, ಮದ್ದು ಕೊಟ್ಟ 30 ನಿಮಿಷದೊಳಗೆ ಮತ್ತೆ ನೋಡಬೇಕು ಎನ್ನುತ್ತದೆ ಅದು. ನೋವನ್ನು ಸುಮ್ನೆ ಬಿಟ್ಟರೆ ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮನಸ್ಸು ಗೊಂದಲಕ್ಕೆ ಬೀಳುವ (ಡೆಲಿರಿಯಂ) ಅಪಾಯವೂ ಜಾಸ್ತಿ. ಅಮ್ಮ ಆ ರಾತ್ರಿ ನನ್ನನ್ನೇ "ಯಾರಪ್ಪಾ ನೀನು?" ಎಂದು ಕೇಳಿದ್ದರು.

ತೊಡೆಸಂದಿಯ ಹತ್ತಿರ ನರ ಮರಗಟ್ಟಿಸುವ ಒಂದು ಇಂಜೆಕ್ಷನ್ ಇದೆ. ಅಮ್ಮನಿಗೆ ಅದನ್ನು ಕೊಟ್ಟದ್ದು ಅಷ್ಟು ಹೊತ್ತು ಕಾದ ಮೇಲೆ, 11 ಗಂಟೆಗೆ. ಅರ್ಧ ಗಂಟೆಯಲ್ಲಿ ಸೆರಗು ಬಾಯಿಂದ ಬಿಟ್ಟರು.